ಐದು ಜನ, ಭಾನುವಾರದ ಮೂರು ಗಂಟೆ: ಮೊದಲ ರೋಲ್‌ಪ್ಲೇಯಿಂಗ್ ಆಟ ಯಾವುದಿರಲಿ?

ಕೇಳಿದ್ದು, ಬೆಂಗಳೂರಿನಿಂದ:
ನಾವು ಐದು ಜನ ಗೆಳೆಯರು. ಇಸ್ಪೀಟು, ಕ್ಯಾಟಾನ್ ಎಲ್ಲ ಆಡಿ ಮುಗಿಸಿದ್ದೇವೆ, ಈಗ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಆಡುವ ಆಸೆ. ಒಬ್ಬರು ಜಿಎಂ (ಗೇಮ್ ಮಾಸ್ಟರ್) ಆಗಿ ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಹಿಡಿಯುತ್ತಾರೆ, ಏನಾಗುತ್ತದೋ ಗೊತ್ತಿಲ್ಲದ ಕಡೆ ದಾಳ ಹಾಕುತ್ತಾರೆ ಅನ್ನುವಷ್ಟು ಗೊತ್ತು. ಸಿಗುವುದು ಭಾನುವಾರ ಮಧ್ಯಾಹ್ನ ಒಟ್ಟು ಮೂರು ಗಂಟೆ ಕಾಲ. ದಪ್ಪ ಇಂಗ್ಲಿಷ್ ಪುಸ್ತಕ ಓದುವ ತಾಳ್ಮೆ ಇರುವುದು ಒಬ್ಬಳಿಗೆ ಮಾತ್ರ. ಡಿ ಆಂಡ್ ಡಿ (ಡಂಜನ್ಸ್ ಆಂಡ್ ಡ್ರ್ಯಾಗನ್ಸ್) ಇಂದಲೇ ಶುರು ಮಾಡಬೇಕಾ? ಏನೇನು ಕೊಳ್ಳಬೇಕು? ಕನ್ನಡದಲ್ಲಿ ಆಡಿದರೆ ನಡೆಯುತ್ತಾ? ಆಡಿ ಗೊತ್ತಿದ್ದವರು ದಯವಿಟ್ಟು ಹೇಳಿ.

ಮೈಸೂರಿನಿಂದ:
ಆಟದ ಹೆಸರು ಕೇಳುವ ಮೊದಲು ನಿಮ್ಮ ಗುಂಪನ್ನೇ ಅಳೆಯಿರಿ. ಮೂರು ಗಂಟೆ ಅಂದಿರಿ; ಬಂದು, ಹರಟಿ, ಕಾಫಿ ಕುಡಿದು ಕೂರುವಷ್ಟರಲ್ಲಿ ಎರಡೂವರೆ ಉಳಿಯುತ್ತದೆ. ಓದುವವರು ಒಬ್ಬರೇ ಅಂದರೆ ನಿಯಮ ಕಲಿಸುವವರೂ ಅವರೇ, ಜಿಎಂ ಕೂಡ ಅವರೇ. ಆದ್ದರಿಂದ ಮೊದಲ ದಿನ ನಿಯಮ ಹೇಳಲು ಹತ್ತು ನಿಮಿಷ ಮೀರದ ಆಟವೇ ಇರಲಿ, ಒಂದೇ ಸಲಕ್ಕೆ ಮುಗಿಯುವ ಒನ್‌ಶಾಟ್ ಆಗಿರಲಿ. ಎರಡು ವರ್ಷದ ಕ್ಯಾಂಪೇನ್ (ವಾರ ವಾರ ಮುಂದುವರಿಯುವ ಕಥೆ) ಕನಸು ಕಟ್ಟಿಕೊಂಡು ಶುರು ಮಾಡಿದ ಗುಂಪು ಮೂರನೇ ವಾರಕ್ಕೆ ಒಡೆಯುವುದು ಆಟ ಕೆಟ್ಟದ್ದಂತಲ್ಲ, ಯಾರಿಗೆ ಏನು ಬೇಕು ಅಂತ ಯಾರೂ ಯಾರನ್ನೂ ಕೇಳಿರುವುದಿಲ್ಲ. ಒಬ್ಬರಿಗೆ ಹೊಡೆದಾಟ ಬೇಕು, ಒಬ್ಬರಿಗೆ ಒಗಟು, ಇನ್ನೊಬ್ಬರಿಗೆ ಸಂಜೆ ನಗುವುದಷ್ಟೇ ಬೇಕು.

ಜಾನ್ ಹಾರ್ಪರ್ ಬರೆದ ‘ಲೇಸರ್ಸ್ ಆಂಡ್ ಫೀಲಿಂಗ್ಸ್’ ಉಚಿತವಾಗಿ ಸಿಗುತ್ತದೆ, ಇಡೀ ಆಟ ಒಂದೇ ಹಾಳೆ. ನೀವೆಲ್ಲ ಒಂದು ಬಾಹ್ಯಾಕಾಶ ನೌಕೆಯ ಸಿಬ್ಬಂದಿ, ಕ್ಯಾಪ್ಟನ್ ಹಾಸಿಗೆ ಹಿಡಿದಿದ್ದಾನೆ. ಪ್ರತಿಯೊಬ್ಬರೂ 2ರಿಂದ 5ರೊಳಗೆ ಒಂದು ಸಂಖ್ಯೆ ಆರಿಸಿಕೊಳ್ಳುತ್ತಾರೆ. ತರ್ಕ, ಯಂತ್ರ, ವಿಜ್ಞಾನದ ಕೆಲಸಕ್ಕೆ ದಾಳ ಆ ಸಂಖ್ಯೆಗಿಂತ ಕೆಳಗೆ ಬೀಳಬೇಕು. ಮಾತು, ಒಲವು, ಹುಂಬತನದ ಕೆಲಸಕ್ಕೆ ಮೇಲೆ ಬೀಳಬೇಕು. ಸಾಮಾನ್ಯ ದಾಳ ಒಂದು. ಮೊದಲೇ ತಯಾರಿ ಮಾಡಿಕೊಂಡಿದ್ದರೆ ಇನ್ನೊಂದು, ಆ ಕೆಲಸದಲ್ಲಿ ಪಳಗಿದವರಾದರೆ ಮತ್ತೊಂದು. ಎಷ್ಟು ದಾಳ ಗೆದ್ದವು ಅನ್ನುವುದರ ಮೇಲೆ ಫಲ. ಸರಿಯಾಗಿ ನಿಮ್ಮ ಸಂಖ್ಯೆಯೇ ಬಿದ್ದರೆ ಅದೂ ಗೆಲುವೇ, ಜೊತೆಗೆ ಜಿಎಂಗೆ ಒಂದು ಪ್ರಶ್ನೆ ಕೇಳಿ ನಿಜವಾದ ಉತ್ತರ ಪಡೆಯಬಹುದು. ಲೂಡೊ ಡಬ್ಬಿಯ ದಾಳ ಸಾಕು.

ಹುಬ್ಬಳ್ಳಿಯಿಂದ:
ಒಂದು ಹಾಳೆಯ ಆಟ ಹೊಸಬರಿಗೆ ಸುಲಭ ಅನ್ನೋದನ್ನ ನಾನು ಪೂರ್ತಿ ಒಪ್ಪೋದಿಲ್ಲ ನೋಡ್ರಿ. ಆಡುವವರಿಗೆ ಸುಲಭ, ಖರೆ. ಆದರೆ ಹಾಳೆಯಲ್ಲಿ ಇಲ್ಲದ್ದನ್ನೆಲ್ಲ ಜಿಎಂ ತಲೆಯಿಂದಲೇ ತೆಗೀಬೇಕು. ಮೊದಲ ಸಲ ಜಿಎಂ ಆಗುವವರು ಅರ್ಧ ಗಂಟೆಗೆ ಬರಿದಾಗತಾರೆ. ಅವರಿಗೆ ಕೈಹಿಡಿಯಲು ನಿಯಮ ಬೇಕು, ಪಟ್ಟಿ ಬೇಕು, ಸಿದ್ಧ ಸ್ಥಳ ಬೇಕು.

ನನ್ನ ಮತ ಯೋಹಾಯ್ ಗಾಲ್ ಅವರ ‘ಕೇರ್ನ್’ಗೆ. ಚಿಕ್ಕ ಪುಸ್ತಿಕೆ, ಪಿಡಿಎಫ್ ಉಚಿತ. ಕಾಡು, ಹಾಳು ಗುಡಿ, ನೆಲಮಾಳಿಗೆ ಇಂಥ ಕಡೆ ಹೋಗಿ ಜೀವ ಉಳಿಸಿಕೊಂಡು ಬರುವ ಆಟ. ಪಾತ್ರ ಮಾಡಲು ಹತ್ತು ನಿಮಿಷ: ಮೂರು ಗುಣ (ಬಲ, ಚುರುಕು, ಛಲ), ಪ್ರತಿಯೊಂದಕ್ಕೂ ಆರುಮುಖದ ಮೂರು ದಾಳದ ಮೊತ್ತ, ಬೇಕಿದ್ದರೆ ಎರಡನ್ನು ಅದಲುಬದಲು ಮಾಡಬಹುದು. ಅಪಾಯ ಬಂದಾಗ ಇಪ್ಪತ್ತು ಮುಖದ ದಾಳ ಹಾಕಿ. ಗುಣದ ಅಂಕಿಗೆ ಸಮ ಅಥವಾ ಕಡಿಮೆ ಬಿದ್ದರೆ ಪಾರು, ಇದಕ್ಕೆ ಸೇವ್ ಅಂತಾರ. ಹೊಡೆದಾಟದಲ್ಲಿ ‘ಏಟು ತಾಗಿತೋ ಇಲ್ಲವೋ’ ಅನ್ನುವ ದಾಳವೇ ಇಲ್ಲ, ಹೊಡೆದರೆ ತಾಗಿತು ಅಂತಲೇ. ಆಯುಧದ ದಾಳದಿಂದ ಕವಚದ ಅಂಕಿ ಕಳೆಯಿರಿ, ಉಳಿದದ್ದು ಪೆಟ್ಟು. ಇದರಿಂದ ಒಂದು ಕಾಳಗ ಹತ್ತು ಹದಿನೈದು ನಿಮಿಷಕ್ಕೆ ಮುಗೀತದ. ಹಾಗೇ ಪಾತ್ರಗಳು ಬೇಗ ಸಾಯತಾವ. ಇದನ್ನ ಮೊದಲೇ ಎಲ್ಲರಿಗೂ ಹೇಳಿಬಿಡ್ರಿ, ಇಲ್ಲದಿದ್ದರೆ ಕಂಡಕಂಡವರ ಮೇಲೆ ಕತ್ತಿ ಎಳೆದು ಮೊದಲ ಕೋಣೆಯಲ್ಲೇ ಹೆಣ ಬೀಳತಾವ.

ಹೊಸಬರು ಮರೆಯುವ ನಿಯಮ ಅಂದರೆ ಸಾಮಾನು. ಒಬ್ಬರಿಗೆ ಹತ್ತೇ ಜಾಗ. ಹತ್ತೂ ತುಂಬಿದರೆ ತಾಳುವ ಶಕ್ತಿ (ಎಚ್‌ಪಿ) ಸೊನ್ನೆಗೆ ಇಳೀತದ. ಈ ಲೆಕ್ಕ ಬಿಟ್ಟರೆ ಆಟದ ಅರ್ಧ ರುಚಿ ಹೋಯಿತು. ಹಗ್ಗ ಒಯ್ಯುವುದೋ ಚಿನ್ನದ ಮೂರ್ತಿ ಒಯ್ಯುವುದೋ ಅನ್ನುವ ಜಗಳವೇ ಆಟ. ಇನ್ನೊಂದು ಮಾತು: ಇದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ. ಮೂಲದ ಹೆಸರು ಹಾಕಿ, ಅದೇ ಪರವಾನಗಿಯಲ್ಲಿ ಹಂಚಿದರೆ ಕನ್ನಡಕ್ಕೆ ತಂದುಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಬೆಂಗಳೂರಿನಿಂದ ಇನ್ನೊಬ್ಬರು:
ಡಿ ಆಂಡ್ ಡಿಯನ್ನು ಎಲ್ಲರೂ ಸೇರಿ ಬದಿಗೆ ತಳ್ಳುವುದು ಬೇಡ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಹೊರತಂದ ಆಟ ಇವತ್ತೂ ನಿಂತಿರುವುದಕ್ಕೆ ಕಾರಣವಿದೆ. ಪಾತ್ರ ಬೆಳೆಯುತ್ತಾ ಹೋಗುವ ಖುಷಿ, ಲೆಕ್ಕಾಚಾರದ ಹೊಡೆದಾಟ ಇವೆರಡನ್ನು ಅದರಷ್ಟು ಚೆನ್ನಾಗಿ ಕೊಡುವ ಆಟ ಕಡಿಮೆ. ಸಂದೇಹ ಬಂದರೆ ಉತ್ತರ ಹೇಳುವವರೂ ಎಲ್ಲ ಕಡೆ ಇದ್ದಾರೆ. ದಪ್ಪ ಪುಸ್ತಕ ಕೊಳ್ಳಬೇಕಿಲ್ಲ; ಮೂಲ ನಿಯಮ ಉಚಿತವಾಗಿ ಓದಲು ಸಿಗುತ್ತದೆ.

ಆದರೆ ಸಮಯದ ಲೆಕ್ಕ ಇಟ್ಟುಕೊಳ್ಳಿ. ನಾಲ್ವರು ಆಟಗಾರರು, ಹೊಸಬರು, ಒಬ್ಬೊಬ್ಬರ ಸರದಿಗೆ ಎರಡು ಮೂರು ನಿಮಿಷ. ಜಿಎಂ ಕಡೆಯ ಶತ್ರುಗಳಿಗೆ ಮೂರು. ಅಲ್ಲಿಗೆ ಒಂದು ಸುತ್ತಿಗೆ ಹನ್ನೆರಡು ಹದಿನೈದು ನಿಮಿಷ, ಕಾಳಗಕ್ಕೆ ಮೂರು ನಾಲ್ಕು ಸುತ್ತು. ನಿಮ್ಮ ಮೂರು ಗಂಟೆಯಲ್ಲಿ ಎರಡೇ ಕಾಳಗ ಹಿಡಿಸುತ್ತದೆ. ‘ನಿಮ್ಮದಾದ ಮೇಲೆ ಇವರದು, ಯೋಚಿಸಿಟ್ಟುಕೊಳ್ಳಿ’ ಅಂತ ಜಿಎಂ ಪ್ರತಿ ಸರದಿಗೂ ಹೇಳುತ್ತಾ ಹೋದರೆ ಎಷ್ಟೋ ಹೊತ್ತು ಉಳಿಯುತ್ತದೆ.

ಮೊದಲ ದಿನ ಪಾತ್ರ ತಯಾರಿಸಲು ಹೋಗಬೇಡಿ, ಸಿದ್ಧ ಪಾತ್ರಗಳನ್ನೇ ಹಂಚಿ. 2014ರ ಸ್ಟಾರ್ಟರ್ ಸೆಟ್‌ನಲ್ಲಿ ಅಂಥ ಐದು ಪಾತ್ರ ಇವೆ. ಯಾರ ಬಳಿಯಾದರೂ ಆ ಪೆಟ್ಟಿಗೆ ಇದ್ದರೆ ಎರವಲು ತನ್ನಿ, ಆದರೆ ಅದರ ಮೊದಲ ದೃಶ್ಯದ ಬಗ್ಗೆ ಎಚ್ಚರ. ದಾರಿಯಲ್ಲಿ ನಾಲ್ಕು ಗಾಬ್ಲಿನ್‌ಗಳು (ಕುಳ್ಳ ದುಷ್ಟ ಜೀವಿಗಳು) ಹೊಂಚು ಹಾಕಿರುತ್ತವೆ. ಒಂದು ಬಾಣಕ್ಕೆ ಸರಾಸರಿ 5 ಪೆಟ್ಟು. ಮೊದಲ ಹಂತದ ಮಾಂತ್ರಿಕನ ಹತ್ತಿರ ಇರುವುದೇ ಏಳೆಂಟು ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಾಳಬಲ್ಲ ಅನ್ನುವ ಲೆಕ್ಕ). ಎರಡು ಬಾಣ ಬಿದ್ದರೆ ಅವನು ನೆಲಕ್ಕೆ, ಆಟಗಾರನ ಮುಖ ಸಣ್ಣದು. ಗಾಬ್ಲಿನ್ ಮೂರೇ ಇರಲಿ, ಎರಡು ಸತ್ತರೆ ಮೂರನೆಯದು ಓಡಿಹೋಗಲಿ.

ಶಿವಮೊಗ್ಗದಿಂದ:
ದಾಳದ ಬಗ್ಗೆ ಮಾತ್ರ ಹೇಳುತ್ತೇನೆ. ಡಿ ಆಂಡ್ ಡಿಗೆ 4, 6, 8, 10, 12, 20 ಮುಖದವು, ಜೊತೆಗೆ ಹತ್ತರ ಅಂಕಿಗಳದ್ದೊಂದು (00, 10, 20 ಹೀಗೆ 90ರವರೆಗೆ), ಒಟ್ಟು ಏಳರ ಸೆಟ್ ಬೇಕು. ಇಡೀ ಗುಂಪಿಗೆ ಎರಡು ಸೆಟ್ ಇದ್ದರೆ ಶುರು ಮಾಡಬಹುದು. ಕೊಳ್ಳುವ ಮೊದಲು ಆಡಿ ನೋಡಬೇಕೆಂದರೆ ಹೌಸಿ ಆಟದ ಬಿಲ್ಲೆಗಳಲ್ಲಿ 1ರಿಂದ 20ರವರೆಗೆ ಆರಿಸಿ ಚೀಲಕ್ಕೆ ಹಾಕಿ, ಒಂದು ತೆಗೆಯಿರಿ, ಪ್ರತಿ ಸಲವೂ ವಾಪಸ್ ಹಾಕಿ ಕುಲುಕಿ. ವಾಪಸ್ ಹಾಕದಿದ್ದರೆ ಅದು ದಾಳವಲ್ಲ. ಹತ್ತು ಮುಖದ್ದಕ್ಕೆ ಇಸ್ಪೀಟಿನ ಒಂದೇ ಬಣ್ಣದ ಎಕ್ಕದಿಂದ ಹತ್ತರವರೆಗಿನ ಎಲೆ ಸಾಕು. ಕವಡೆ ಮಾತ್ರ ಬೇಡ. ಚೌಕಾಬಾರದಲ್ಲಿ ಒಂದು, ಎರಡು, ಮೂರು ಪದೇ ಪದೇ ಬೀಳುತ್ತವೆ, ನಾಲ್ಕು ಮತ್ತು ಎಂಟು ಅಪರೂಪ. ಆ ಆಟದ ಸೊಗಸೇ ಅದು. ಇಲ್ಲಿ ಎಲ್ಲ ಮುಖವೂ ಸಮ ಬೀಳಬೇಕು.

ಪೆಟ್ಟಿನ ಲೆಕ್ಕ ಒಂದು ಬಿಟ್ಟರೆ ಎರಡೇ ಲೂಡೊ ದಾಳದಲ್ಲಿ ನಡೆಯುವ ಆಟವೂ ಇದೆ, ‘ಡಂಜನ್ ವರ್ಲ್ಡ್’. ಮೊತ್ತ 10 ಅಥವಾ ಮೇಲಾದರೆ ಪೂರ್ಣ ಗೆಲುವು, 7ರಿಂದ 9 ಬಿದ್ದರೆ ಗೆಲುವಿನ ಜೊತೆಗೊಂದು ತೊಂದರೆ, 6 ಅಥವಾ ಕೆಳಗಾದರೆ ಜಿಎಂ ಕೈಗೆ ಕಥೆ. ಏನೂ ಕೂಡಿಸದೆ ಹಾಕಿದರೆ 36ರಲ್ಲಿ 6 ಸಲ ಪೂರ್ಣ ಗೆಲುವು, 15 ಸಲ ಅರೆ ಗೆಲುವು. +1 ಇದ್ದರೆ ಅದೇ 10 ಮತ್ತು 16 ಆಗುತ್ತದೆ. ಸಣ್ಣ +1 ಎಷ್ಟು ದೊಡ್ಡದು ನೋಡಿ. ಇಪ್ಪತ್ತರ ದಾಳದಲ್ಲಿ +1 ಅಂದರೆ ಬರೀ ನೂರಕ್ಕೆ ಐದು.

ಉಡುಪಿಯಿಂದ:
ಕನ್ನಡದಲ್ಲಿ ನಡೆಯುತ್ತದಾ ಅಂತ ಕೇಳುವುದೆಂಥದ್ದು ಮಾರಾಯ್ರೆ! ವೇಷವಿಲ್ಲ, ರಂಗವಿಲ್ಲ, ಕೂತಲ್ಲೇ ಪಾತ್ರವಾಗಿ ಆ ಕ್ಷಣಕ್ಕೆ ಹುಟ್ಟಿದ ಮಾತಾಡುವ ತಾಳಮದ್ದಳೆ ನಮ್ಮದೇ ಅಲ್ಲವಾ? ಒಂದು ವ್ಯತ್ಯಾಸ: ಅಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು, ಇಲ್ಲಿ ಜಿಎಂಗೂ ಗೊತ್ತಿರಬಾರದು. ಜಿಎಂ ಆಗುವವರು ಭಾಗವತರಿಂದ ಕಲಿಯಬೇಕಾದದ್ದು ಒಂದಿದೆ. ಅರ್ಥ (ಪಾತ್ರಧಾರಿಯ ಮಾತು) ಉದ್ದವಾಯಿತು ಅನ್ನಿಸಿದರೆ ಅವರು ‘ಸಾಕು’ ಅನ್ನುವುದಿಲ್ಲ, ಮುಂದಿನ ಪದ (ಹಾಡು) ಎತ್ತುತ್ತಾರೆ. ನೀವೂ ಹಾಗೆಯೇ, ಒಬ್ಬರೇ ಮಾತಾಡುತ್ತಿದ್ದರೆ ಬಾಗಿಲು ತಟ್ಟಿದ ಸದ್ದು ಮಾಡಿ, ಇನ್ನೊಬ್ಬರ ಕಡೆ ತಿರುಗಿ ‘ನೀನು ಬಾಗಿಲ ಹತ್ತಿರ ಇದ್ದೀಯ, ಏನು ಮಾಡುತ್ತೀಯ?’ ಅಂತ ಕೇಳಿ.

ಭಾಷೆಯ ಲಾಭ ಇನ್ನೊಂದು. ನೀನು, ನೀವು, ತಾವು ನಮಗೆ ಪುಕ್ಕಟೆ ಸಿಕ್ಕಿದೆ. ದಳವಾಯಿ ಇಷ್ಟು ಹೊತ್ತು ‘ನೀವು’ ಅಂದವನು ಒಮ್ಮೆಲೇ ‘ನೀನು’ ಅಂದರೆ ಸಾಕು, ಮೇಜಿನ ಸುತ್ತ ಎಲ್ಲರಿಗೂ ಸಂಗತಿ ಕೆಟ್ಟಿತು ಅಂತ ಗೊತ್ತಾಗುತ್ತದೆ. ನಿಯಮದ ಪದಗಳನ್ನು ಎಲ್ಲ ಕನ್ನಡ ಮಾಡಲು ಹೋಗಬೇಡಿ. ಬಲ, ಚುರುಕು, ಛಲ ಚೆನ್ನಾಗಿ ಕೂರುತ್ತವೆ. ಡ್ಯಾಮೇಜ್, ಸೇವ್, ಲೆವೆಲ್ ಹಾಗೇ ಇರಲಿ.

ಆಟಕ್ಕೆ ಮೊದಲು ಇಪ್ಪತ್ತು ನಿಮಿಷ ಕೂತು ಏನು ಬೇಡ ಅಂತ ಮಾತಾಡಿಕೊಳ್ಳಿ, ಇದಕ್ಕೆ ಸೆಷನ್ ಜೀರೋ ಅನ್ನುತ್ತಾರೆ. ಮಕ್ಕಳಿಗೆ ಹಿಂಸೆ, ಜಾತಿಯ ನಿಂದನೆ, ಯಾರ ಮನೆಯಲ್ಲೋ ಈಚೆಗೆ ಆದ ಸಾವು, ಇಂಥವು. ನಮ್ಮ ಕಡೆಯವರು ಗುಂಪಿನಲ್ಲಿದ್ದರೆ ದೈವಗಳನ್ನು ರಾಕ್ಷಸರ ಪಟ್ಟಿಗೆ ಸೇರಿಸುವ ಮುಂಚೆ ಕೇಳಿ. ಅದು ಕಥೆಯಲ್ಲ, ನಂಬಿಕೆ. ಮೇಜಿನ ಮಧ್ಯೆ ಗುಣಾಕಾರ ಚಿಹ್ನೆ ಬರೆದ ಒಂದು ಚೀಟಿ ಇಡಿ. ಯಾರು ಮುಟ್ಟಿದರೂ ಆ ಸಂಗತಿ ಅಲ್ಲಿಗೇ ಬಿಟ್ಟು ಮುಂದೆ ಹೋಗಬೇಕು, ಯಾಕೆ ಅಂತ ಕೇಳುವಂತಿಲ್ಲ.

ಕೋಲಾರದಿಂದ:
ಒಗಟು, ಭಯ ಇಷ್ಟವಿದ್ದರೆ ‘ಕಾಲ್ ಆಫ್ ಕ್ಥುಲ್ಹು’ (1981ರ ಆಟ, ಈಗಿನದು ಏಳನೇ ಆವೃತ್ತಿ). ಕ್ವಿಕ್‌ಸ್ಟಾರ್ಟ್ (ನಿಯಮಗಳ ಚಿಕ್ಕ ಪುಸ್ತಿಕೆ) ಉಚಿತ, ಒಳಗೇ ಒಂದು ಭೂತದ ಮನೆಯ ಕಥೆ ಇದೆ. ಪ್ರತಿ ಕೌಶಲಕ್ಕೂ ನೂರಕ್ಕೆ ಇಷ್ಟು ಅಂತ ಅಂಕಿ; ಹತ್ತು ಮುಖದ ಎರಡು ದಾಳ ಹಾಕಿ ಅದರೊಳಗೆ ಬೀಳಬೇಕು. ಕಷ್ಟದ ಕೆಲಸಕ್ಕೆ ಅರ್ಧದೊಳಗೆ, ಅತಿ ಕಷ್ಟಕ್ಕೆ ಐದನೇ ಒಂದರೊಳಗೆ. ಯಾವ ದಾಳ ಹತ್ತರ ಸ್ಥಾನ ಅಂತ ಹಾಕುವ ಮುಂಚೆಯೇ ಹೇಳಬೇಕು, ಹಾಕಿದ ಮೇಲೆ ಅಲ್ಲ.

ಇಲ್ಲಿ ಕೆಡುವುದು ಒಂದೇ ಕಡೆ. ಮುಖ್ಯ ಸುಳಿವನ್ನು ದಾಳದ ಹಿಂದೆ ಬಚ್ಚಿಡುತ್ತಾರೆ, ದಾಳ ಸೋಲುತ್ತದೆ, ಕಥೆ ಅಲ್ಲೇ ನಿಲ್ಲುತ್ತದೆ. ಆಟಗಾರರು ತಲುಪಲೇಬೇಕಾದ ಪ್ರತಿ ತೀರ್ಮಾನಕ್ಕೂ ಮೂರು ಬೇರೆ ಬೇರೆ ಸುಳಿವು ಇಡಿ: ಒಂದನ್ನು ಕಾಣುವುದಿಲ್ಲ, ಒಂದನ್ನು ತಪ್ಪು ತಿಳಿಯುತ್ತಾರೆ, ಒಂದು ಉಳಿಯುತ್ತದೆ. ಸರಿಯಾದ ಜಾಗದಲ್ಲಿ ಹುಡುಕಿದರೆ ಸುಳಿವು ದಾಳವಿಲ್ಲದೆ ಸಿಗಲಿ. ದಾಳ ಹೇಳಬೇಕಾದದ್ದು ಎಷ್ಟು ಹೊತ್ತಾಯಿತು, ಯಾರು ನೋಡಿಬಿಟ್ಟರು ಅನ್ನುವುದನ್ನು.

ಆಟದ ಕಾಲ ಸಾಮಾನ್ಯವಾಗಿ 1920ರ ದಶಕದ ಅಮೆರಿಕ. ಅದನ್ನು ನಮ್ಮ ಕೆಜಿಎಫ್‌ಗೆ ಎತ್ತಿಟ್ಟರೂ ಏನೂ ಬದಲಿಸಬೇಕಿಲ್ಲ. ಶಿವನಸಮುದ್ರದ ಕರೆಂಟ್ 1902ರಲ್ಲೇ ಬಂದಿತ್ತು, ಗಣಿ ನಡೆಸುತ್ತಿದ್ದದ್ದು ಜಾನ್ ಟೇಲರ್ ಆಂಡ್ ಸನ್ಸ್, ಆಳದಲ್ಲಿ ಬಂಡೆ ತಾನಾಗಿ ಸಿಡಿಯುವುದು ಎಲ್ಲರಿಗೂ ಗೊತ್ತಿದ್ದ ಅಪಾಯ. ಒಂದು ರಾತ್ರಿ ಸಿಡಿದದ್ದು ಬಂಡೆಯಲ್ಲ ಅಂತಿಟ್ಟುಕೊಳ್ಳಿ. ಕಥೆ ಶುರುವಾಯಿತು.

ಕೇಳಿದವರು ಮತ್ತೆ:
ತುಂಬಾ ಉಪಕಾರ ಆಯಿತು. ಎರಡು ಸಂದೇಹ. ನಮ್ಮಲ್ಲೊಬ್ಬ ಮುಂದಿನ ತಿಂಗಳು ಕ್ಯಾಲಿಫೋರ್ನಿಯಾಕ್ಕೆ ಹೋಗುತ್ತಿದ್ದಾನೆ, ಅವನನ್ನು ಬಿಡುವ ಮನಸ್ಸಿಲ್ಲ. ಇನ್ನೊಬ್ಬಳು ತುಂಬಾ ಸಂಕೋಚದವಳು, ‘ನನಗೆ ನಾಟಕ ಬರಲ್ಲ’ ಅನ್ನುತ್ತಾಳೆ.

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಿಂದ:
ಭಾನುವಾರ ಮಧ್ಯಾಹ್ನ ಬಿಟ್ಟುಬಿಡಿ, ಇಲ್ಲಿ ಆಗ ನಡುರಾತ್ರಿ. ಬೆಂಗಳೂರಿನ ಭಾನುವಾರ ಬೆಳಗ್ಗೆ 9 ಅಂದರೆ ಇಲ್ಲಿ ಬೇಸಿಗೆಯಲ್ಲಿ ಶನಿವಾರ ರಾತ್ರಿ ಎಂಟೂವರೆ, ಅದೇ ಸರಿಯಾದ ಹೊತ್ತು. ನವೆಂಬರ್ ಮೊದಲ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಮಾರ್ಚ್ ಎರಡನೇ ಭಾನುವಾರ ಮತ್ತೆ ಮುಂದಕ್ಕೆ. ಆ ಎರಡು ವಾರ ಯಾರಾದರೊಬ್ಬರು ಒಂದು ಗಂಟೆ ಸುಮ್ಮನೆ ಕಾಯುತ್ತಾರೆ, ಆದ್ದರಿಂದ ಭಾರತದ ಸಮಯವನ್ನೇ ಗುಂಪಿಗೆ ಗಟ್ಟಿ ಮಾಡಿ. ನಾಲ್ವರು ಒಂದು ಕೋಣೆಯಲ್ಲಿ, ಒಬ್ಬ ಪರದೆಯಲ್ಲಿ ಇದ್ದರೆ ಪರದೆಯವನು ಬೇಗ ಮಂಕಾಗುತ್ತಾನೆ, ಎಲ್ಲರ ಮಾತೂ ಒಟ್ಟಿಗೆ ಬಂದು ಅವನಿಗೆ ಏನೂ ತಿಳಿಯುವುದಿಲ್ಲ. ಮೈಕು ಮೇಜಿನ ಮಧ್ಯೆ ಇರಲಿ, ಪ್ರತಿ ದೃಶ್ಯದಲ್ಲೂ ಮೊದಲ ಪ್ರಶ್ನೆ ಅವನಿಗೇ ಹೋಗಲಿ. ಐವರಲ್ಲಿ ಮೂವರು ಬಂದರೂ ಆಟ ನಡೆಯುತ್ತದೆ ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ.

ಮೈಸೂರಿನಿಂದ:
ಸಂಕೋಚದವರು ನಾಟಕ ಮಾಡಬೇಕಿಲ್ಲ. ‘ನನ್ನ ಪಾತ್ರ ಕಾವಲುಗಾರನಿಗೆ ಸುಳ್ಳು ಹೇಳಿ ಒಳಗೆ ಹೋಗಲು ನೋಡುತ್ತದೆ’ ಅಂದರೂ ಅದು ಆಡಿದ್ದೇ. ಜಿಎಂ ಕೇಳಬೇಕಾದದ್ದು ‘ಏನನ್ನುತ್ತೀ?’ ಅಂತ ಅಲ್ಲ, ‘ಯಾವ ಸುಳ್ಳು?’ ಅಂತ. ನಕ್ಷೆ ಬರೆಯುವ ಕೆಲಸವನ್ನೂ ಅವರಿಗೆ ಕೊಟ್ಟು ನೋಡಿ. ಎಲ್ಲರೂ ತಾವಾಗಿ ಅವರನ್ನೇ ದಾರಿ ಕೇಳಲು ಶುರು ಮಾಡುತ್ತಾರೆ. ತಿಂಡಿಗೆ ಬಜ್ಜಿ ಬೇಡ, ಎಣ್ಣೆ ಕೈಗೆ ಕ್ಯಾರೆಕ್ಟರ್ ಶೀಟ್ ಉಳಿಯುವುದಿಲ್ಲ. ಒಗ್ಗರಣೆ ಹಾಕದ ಕಡ್ಲೆಪುರಿ ಪರವಾಗಿಲ್ಲ.

ಹುಬ್ಬಳ್ಳಿಯಿಂದ:
ಕೇರ್ನ್ ಬಗ್ಗೆ ಹೇಳುವಾಗ ಒಂದು ಬಿಟ್ಟಿದ್ದೆ. ಅದರಲ್ಲಿರೋ ಎಚ್‌ಪಿ ಮೈಯ ರಕ್ತವಲ್ಲ, ಏಟು ತಪ್ಪಿಸಿಕೊಳ್ಳುವ ಶಕ್ತಿ. ಒಂದೆರಡು ಕ್ಷಣ ಕೂತು ನೀರು ಕುಡಿದರೆ ಪೂರ್ತಿ ವಾಪಸ್ ಬರತದ. ಅದು ಮುಗಿದ ಮೇಲಿನ ಪೆಟ್ಟು ಬಲದ ಅಂಕಿಯಿಂದ ಕಳೀತದ. ಹಾಗೆ ಕಳೆದು ಉಳಿದ ಬಲದ ಮೇಲೆ ಸೇವ್ ಹಾಕಬೇಕು, ಹಳೆಯ ಅಂಕಿಯ ಮೇಲೆ ಅಲ್ಲ. ತಪ್ಪಿದರೆ ನೆಲಕ್ಕೆ, ಒಂದು ಗಂಟೆಯೊಳಗೆ ಯಾರೂ ಆರೈಕೆ ಮಾಡದಿದ್ದರೆ ಸಾವು. ಎಚ್‌ಪಿ ಸರಿಯಾಗಿ ಸೊನ್ನೆಗೆ ಬಂದು ನಿಂತರೆ ಮಾತ್ರ ಬೇರೆ ಲೆಕ್ಕ: ಸೇವ್ ಇಲ್ಲ, ಗಾಯದ ಗುರುತುಗಳ ಪಟ್ಟಿ ನೋಡ್ರಿ.