ವಿಭಾಜ್ಯವೋ ಸಂಯುಕ್ತವೋ: ಭಾಜಕ ತಿಳಿಯದ ಸಂಖ್ಯೆಗೆ ಯಾವ ಪದ?

ದೊಡ್ಡ ಅವಿಭಾಜ್ಯ ಸಂಖ್ಯೆಗಳ ಕುರಿತು ಲೇಖನವೊಂದನ್ನು ಬರೆಯುತ್ತಿರುವಾಗ ‘ಅವಿಭಾಜ್ಯ’ದ ವಿರುದ್ಧಪದದ ವಿಷಯದಲ್ಲಿ ತೊಡಕು ಎದುರಾಗಿದೆ, ಬಲ್ಲವರ ಅಭಿಪ್ರಾಯ ಬೇಕು. ‘ಸಂಯುಕ್ತ ಸಂಖ್ಯೆ’ ಎಂಬುದು ರೂಢಿಯಲ್ಲಿದೆಯಾದರೂ ‘ವಿಭಾಜ್ಯ ಸಂಖ್ಯೆ’ ಎಂದರೆ ಸಾಲದೇ ಎಂದು ಲೇಖನವನ್ನು ಓದಿದ ಸ್ನೇಹಿತರೊಬ್ಬರು ಕೇಳಿದರು. 91ರಂಥ ಸಂಖ್ಯೆಗೆ ಯಾವುದನ್ನು ಬಳಸಿದರೂ ಬಾಧಕವಿಲ್ಲ, ಏಕೆಂದರೆ ಅದು 7 ಮತ್ತು 13ರ ಗುಣಲಬ್ಧವೆಂದು ಕೂಡಲೇ ತೋರಿಸಬಹುದು.

ತೊಡಕಿರುವುದು 2ರ 67ನೆಯ ಘಾತದಿಂದ 1 ಕಳೆದಾಗ ಬರುವ 21 ಅಂಕಿಗಳ ಸಂಖ್ಯೆಯಲ್ಲಿ. ಫ್ರೆಂಚ್ ಗಣಿತಜ್ಞ ಮರ್ಸೆನ್ 1644ರಲ್ಲಿ ಇದನ್ನು ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ್ದರು. ಅದು ಅವಿಭಾಜ್ಯವಲ್ಲವೆಂದು ಲೂಕಾಸ್ 1876ರಲ್ಲಿ ತೋರಿಸಿದರು, ಆದರೆ ಒಂದು ಭಾಜಕವನ್ನೂ ಹೇಳಲಿಲ್ಲ. 193707721 ಮತ್ತು 761838257287 ಎಂಬ ಅಪವರ್ತನಗಳನ್ನು ಕೋಲ್ ಮುಂದಿಟ್ಟದ್ದು 1903ರಲ್ಲಿ. ನಡುವಿನ 27 ವರ್ಷ ಆ ಸಂಖ್ಯೆಯನ್ನು ಏನೆಂದು ಕರೆಯುವುದು?

ಭಾಜಕವನ್ನು ಕಾಣದೆ ಹೀಗೆ ಹೇಳುವುದು ಹೇಗೆ ಸಾಧ್ಯವೆಂಬುದಕ್ಕೆ ಚಿಕ್ಕ ಉದಾಹರಣೆ ಕೊಡುತ್ತೇನೆ. ಲೂಕಾಸರ ವಿಧಾನಕ್ಕೆ ಲೆಹ್ಮರ್ ಕೊಟ್ಟ ಸರಳ ರೂಪದಲ್ಲಿ 4ರಿಂದ ಆರಂಭಿಸಿ, ವರ್ಗ ಮಾಡಿ 2 ಕಳೆದು, ಪರೀಕ್ಷೆಗೆ ಒಳಗಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಉಳಿಸಿಕೊಳ್ಳುತ್ತಾ ಹೋಗಬೇಕು; ಘಾತದ ಅಂಕಿಗಿಂತ 2 ಕಡಿಮೆ ಹೆಜ್ಜೆಗಳಾದಾಗ ಸೊನ್ನೆ ಉಳಿದರೆ ಮಾತ್ರ ಅದು ಅವಿಭಾಜ್ಯ. 31ಕ್ಕೆ (2ರ 5ನೆಯ ಘಾತಕ್ಕಿಂತ 1 ಕಡಿಮೆ) 4, 14, 8, 0 ಎಂದು ಬರುತ್ತದೆ. ಮೂರನೆಯ ಹೆಜ್ಜೆಯಲ್ಲಿ ಸೊನ್ನೆ ಬಂದದ್ದರಿಂದ ಅದು ಅವಿಭಾಜ್ಯ. 2047ಕ್ಕೆ (2ರ 11ನೆಯ ಘಾತಕ್ಕಿಂತ 1 ಕಡಿಮೆ) ಒಂಬತ್ತನೆಯ ಹೆಜ್ಜೆಯಲ್ಲಿ 1736 ಉಳಿಯುತ್ತದೆ. ಸೊನ್ನೆಯಲ್ಲದ್ದರಿಂದ ಅದು ಅವಿಭಾಜ್ಯವಲ್ಲವೆಂದು ನಿಶ್ಚಯವಾಯಿತು, ಆದರೆ ಅದರ ಅಪವರ್ತನಗಳಾದ 23 ಮತ್ತು 89ರ ಸುಳಿವು ಆ 1736ರಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಇಂಥಲ್ಲಿ ‘ವಿಭಾಜ್ಯ’ ಎಂದೊಡನೆ ‘ಯಾವುದರಿಂದ?’ ಎಂಬ ಪ್ರಶ್ನೆ ಏಳುತ್ತದೆ. ‘12 ಎಂಬುದು 3ರಿಂದ ವಿಭಾಜ್ಯ’ ಎನ್ನುವಾಗ ಆ ಪದಕ್ಕೆ ತೃತೀಯಾ ವಿಭಕ್ತಿಯ ಆಸರೆ ಬೇಕು. ‘31 ಅವಿಭಾಜ್ಯ’ ಎನ್ನುವಾಗ ಬೇಡ. ಒಂದು ‘ಅ’ಕಾರದಿಂದ ಮಾತ್ರ ಬೇರೆಯಾದ ಈ ಎರಡು ಪದಗಳು ವಾಕ್ಯದೊಳಗೆ ಸರಿಜೋಡಿಯಾಗಿ ನಿಲ್ಲುವುದಿಲ್ಲವೆಂಬುದು ನನಗೆ ಈಗಷ್ಟೇ ಹೊಳೆದ ಸಂಗತಿ. ಮೇಲಾಗಿ ಯಾವ ಸಂಖ್ಯೆಯೂ ತನ್ನಿಂದ ಮತ್ತು 1ರಿಂದ ವಿಭಾಜ್ಯವೇ ಆಗಿರುವುದರಿಂದ, 31 ಕೂಡ ಒಂದರ್ಥದಲ್ಲಿ ವಿಭಾಜ್ಯವಾಗಿಬಿಡುತ್ತದೆ.

‘ಸಂಯುಕ್ತ’ಕ್ಕೆ ಈ ದೋಷವಿಲ್ಲ. ರಸಾಯನಶಾಸ್ತ್ರದಲ್ಲಿ ಒಂದು ವಸ್ತುವಿನ ಘಟಕಗಳನ್ನು ಬೇರ್ಪಡಿಸುವ ಮೊದಲೇ ಅದು ಸಂಯುಕ್ತವೆನ್ನಲು ಬರುವಂತೆ, ಇಲ್ಲಿಯೂ ಭಾಗಗಳು ಇವೆಯೆಂಬುದನ್ನು ಮಾತ್ರ ಹೇಳಿ ಅವು ಯಾವುವೆಂಬುದನ್ನು ಮುಂದಕ್ಕೆ ಬಿಡಬಹುದು. ‘ಕೂಡಿದ’ ಎಂಬ ಮೂಲಾರ್ಥದಿಂದ ಸಂಕಲನದ ನೆನಪಾಗುವುದು ನಿಜ, ಆದರೂ ನನ್ನ ಒಲವು ಈ ಪದದ ಕಡೆಗೇ ಇದೆ.

ಹೀಗಿದ್ದರೂ ಗಣಿತದ ಕನ್ನಡ ಬರವಣಿಗೆಯಲ್ಲಿ ‘ವಿಭಾಜ್ಯ’ವು ತೃತೀಯೆಯ ಹಂಗಿಲ್ಲದೆ, ‘ಅವಿಭಾಜ್ಯವಲ್ಲದ್ದು’ ಎಂಬ ಅರ್ಥದಲ್ಲಿ ಬಳಕೆಯಾದದ್ದನ್ನು ಕಂಡವರು ಆ ವಾಕ್ಯವನ್ನು ತಿಳಿಸಿದರೆ ನನ್ನ ನಿಲುವನ್ನು ತಿದ್ದಿಕೊಳ್ಳಲು ಅನುಕೂಲವಾಗುತ್ತದೆ.