ಕಪ್ಪು-ಬಿಳುಪೋ ಬಣ್ಣವೋ? 96 ಪುಟದ ಚಿತ್ರಕಥೆಗೆ ಸಲಹೆ ಬೇಕಿತ್ತು

ಹಿನ್ನೀರು_ಸಾಗರ
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಒಂದು ಚಿತ್ರಕಥೆ (ಕಾಮಿಕ್ಸ್) ಮಾಡ್ತಾ ಇದ್ದೀನಿ, 96 ಪುಟ. ಕಥೆ ನಮ್ಮ ಅಜ್ಜಿದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಹಿನ್ನೀರು ಏರಿದಾಗ ಊರು ಬಿಟ್ಟು ಎದ್ದು ಬಂದವರು. ಪೆನ್ಸಿಲ್ ಕೆಲಸ ಪೂರ್ತಿ ಆಗಿದೆ, 40 ಪುಟಕ್ಕೆ ಮಸಿ ಹಾಕಿದ್ದೂ ಆಯ್ತು. ಮೊದಲಿಂದಲೂ ತಲೆಯಲ್ಲಿದ್ದದ್ದು ಕಪ್ಪು-ಬಿಳುಪೇ. ಈಗ ನೋಡಿದವರೆಲ್ಲ "ಚೆನ್ನಾಗಿದೆ, ಬಣ್ಣ ಯಾವಾಗ ಹಾಕ್ತೀಯ?" ಅಂತಾರೆ. ಕೇಳಿ ಕೇಳಿ ನನಗೇ ಅನುಮಾನ ಶುರುವಾಗಿದೆ. 17ನೇ ಪುಟಕ್ಕೆ (ರಾತ್ರಿ ತೋಟದೊಳಗೆ ನೀರು ಬರೋದು) ಕಂಪ್ಯೂಟರಿನಲ್ಲಿ ಬಣ್ಣ ಹಾಕಿ ನೋಡಿದೆ. ಕೆಟ್ಟದಾಗೇನೂ ಇಲ್ಲ, ಆದರೆ ಹೆದರಿಕೆ ಹೋಗಿಬಿಟ್ಟಿದೆ. ಎರಡೂ ಕೆಳಗಿವೆ ನೋಡಿ. ಅಚ್ಚು ಹಾಕಿಸೋದು ಸ್ವಂತ ದುಡ್ಡಲ್ಲಿ, 1000 ಪ್ರತಿ.

ಹಳೇಪ್ರತಿ
ಬಣ್ಣ ಬೇಡ. ಮುಗೀತು.

ಇನ್ನೂ ಸ್ವಲ್ಪ ಹೇಳೋದಾದರೆ: ಫ್ಯಾಂಟಮ್ 1936ರಲ್ಲಿ ದಿನಪತ್ರಿಕೆಯಲ್ಲಿ ಶುರುವಾದಾಗ ಕಪ್ಪು-ಬಿಳುಪು. ಅವನನ್ನು ಸೃಷ್ಟಿಸಿದ ಲೀ ಫಾಕ್ ಅವರ ಕಲ್ಪನೆಯಲ್ಲಿದ್ದದ್ದು ಬೂದು ಬಣ್ಣದ ಬಟ್ಟೆ. 1939ರಲ್ಲಿ ಭಾನುವಾರದ ಬಣ್ಣದ ಪುಟ ಬಂತು, ಅಚ್ಚಾಗಿ ಹೊರಬರೋ ಹೊತ್ತಿಗೆ ಅದು ನೇರಳೆ ಆಗಿತ್ತು. ಇಟಲಿಗೆ ಹೋದ, ಕೆಂಪಾದ. ಸ್ವೀಡನ್ನಿಗೆ ಹೋದ, ನೀಲಿಯಾದ. ಕಾಡಲ್ಲಿ ಅಡಗಿ ಕೂರಬೇಕಾದ ಮನುಷ್ಯ ಜಾತ್ರೆಗೆ ಹೊರಟವನ ಹಾಗೆ ನೇರಳೆ ಉಟ್ಟುಕೊಂಡು ಓಡಾಡ್ತಾನೆ! ಗೆರೆ ಕಲಾವಿದನದ್ದು, ಬಣ್ಣ ಯಾರದ್ದೋ.

ಬಣ್ಣದಂಗಡಿ_ಕುಂದಾಪುರ
ಈ "ಬಣ್ಣ ಯಾರದ್ದೋ" ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ ಮಾರಾಯ್ರೆ. ಹತ್ತು ವರ್ಷದಿಂದ ನನ್ನ ಹೊಟ್ಟೆಪಾಡೇ ಬೇರೆಯವರ ಗೆರೆಗೆ ಬಣ್ಣ ಹಾಕೋದು.

ಬ್ಯಾಟ್‌ಮನ್ ಕಾಮಿಕ್ಸ್ ‘ದಿ ಕಿಲ್ಲಿಂಗ್ ಜೋಕ್’ ತಗೊಳ್ಳಿ. 1988ರಲ್ಲಿ ಜಾನ್ ಹಿಗಿನ್ಸ್ ಹಾಕಿದ ಬಣ್ಣ ಕಣ್ಣು ಕುಕ್ಕುತ್ತೆ: ಕಿತ್ತಳೆ, ನೇರಳೆ, ಹಳದಿ. ಅದರ ಚಿತ್ರ ಬರೆದ ಬ್ರಯನ್ ಬೋಲಂಡ್ 2008ರ ಆವೃತ್ತಿಗೆ ಬಣ್ಣವನ್ನೆಲ್ಲ ತಾವೇ ಮತ್ತೆ ಹಾಕಿದರು, ಹಳೆಯ ದಿನದ ದೃಶ್ಯಗಳೆಲ್ಲ ಹೆಚ್ಚುಕಮ್ಮಿ ಬೂದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಗೆರೆ ಬಹುಪಾಲು ಅದೇ, ಪುಸ್ತಕ ಮಾತ್ರ ಎರಡು. ನನಗೆ ಹಿಗಿನ್ಸ್ ಅವರದ್ದೇ ಇಷ್ಟ, ಹುಚ್ಚು ಅನ್ನೋದು ಅದರಲ್ಲಿ ಕಾಣುತ್ತೆ.

ಇನ್ನು ನಿಮ್ಮ 17ನೇ ಪುಟ. ತಪ್ಪು ಬಣ್ಣದ್ದಲ್ಲ. ಅಡಿಕೆ ಮರದ ಬುಡಕ್ಕೆಲ್ಲ ನೀವು ಮೊದಲೇ ಗಟ್ಟಿ ಕಪ್ಪು ಸುರಿದಿದ್ದೀರಿ. ಅಂದರೆ ಬೆಳಕು ಎಲ್ಲಿದೆ ಅಂತ ಮಸಿಯಲ್ಲೇ ಹೇಳಿ ಆಗಿದೆ. ಅದರ ಮೇಲೆ ನೀಲಿ ಹಾಕಿ, ಲಾಟೀನಿಗೆ ಹಳದಿ ಹಾಕಿ ಅದನ್ನೇ ಇನ್ನೊಂದು ಸಲ ಹೇಳಿದ್ದೀರಿ. ಎರಡು ಸಲ ಹೇಳಿದರೆ ಯಾರು ಹೆದರ್ತಾರೆ? ಬಣ್ಣಕ್ಕೆ ಅಂತಲೇ ಬರೆಯುವವರು ಗೆರೆಯಲ್ಲಿ ಜಾಗ ಬಿಡ್ತಾರೆ. ಟಿನ್‌ಟಿನ್‌ನ ಎರ್ಜೆ ನೋಡಿ, ಗೆರೆಯೊಳಗೆ ನೆರಳೇ ಇಲ್ಲ ಅನ್ನುವಷ್ಟು ಖಾಲಿ. 1929ರಲ್ಲಿ ಶುರುವಾದದ್ದು ಕಪ್ಪು-ಬಿಳುಪಲ್ಲೇ. 1942ರಿಂದ ಬಣ್ಣದ ಆಲ್ಬಂ ಬರತೊಡಗಿದಾಗ ಹಳೆಯದಕ್ಕೆ ಸುಮ್ಮನೆ ಬಣ್ಣ ಬಳಿಯಲಿಲ್ಲ, ಪುಟಗಳನ್ನೇ ಕತ್ತರಿಸಿ ಜೋಡಿಸಿ, ಎಷ್ಟೋ ಕಡೆ ಹೊಸದಾಗಿ ಬರೆದರು.

ಹಿನ್ನೀರು_ಸಾಗರ
ಇದು ತಲೆಗೆ ಹೊಳೆದೇ ಇರಲಿಲ್ಲ ಸರ್. ಹಾಗಾದರೆ ಬಣ್ಣ ಬೇಕಂದರೆ ಮಸಿ ಹಾಕಿದ 40 ಪುಟ ವೇಸ್ಟಾ?

ಬಣ್ಣದಂಗಡಿ_ಕುಂದಾಪುರ
ವೇಸ್ಟ್ ಅಲ್ಲ. ಅವು ಕಪ್ಪು-ಬಿಳುಪಿನ ಪುಟಗಳು, ಅಷ್ಟೇ. ಸರ್ ಅನ್ನಬೇಡಿ.

ಮಾಂಗಾ_ಮರುಳ
ಗುರು, ಇದರಲ್ಲಿ ಚರ್ಚೆ ಮಾಡೋಕೆ ಏನಿದೆ? ಇಡೀ ಜಪಾನ್ ಕಪ್ಪು-ಬಿಳುಪಲ್ಲಿ ಓದುತ್ತೆ. ವಾರಕ್ಕೊಂದು ದಪ್ಪ ಪತ್ರಿಕೆ, ಮರುಬಳಕೆ ಕಾಗದ, ಓದಿ ರೈಲಲ್ಲೇ ಬಿಟ್ಟು ಹೋಗ್ತಿದ್ರು. ವಾರಕ್ಕೆ ಇಪ್ಪತ್ತು ಪುಟ ಕೊಡೋನಿಗೆ ಬಣ್ಣಕ್ಕೆ ಟೈಮ್ ಎಲ್ಲಿ? ಆ ಅವಸರದಲ್ಲೇ ಒಂದು ಭಾಷೆ ಹುಟ್ಟಿತು: ಓಟದ ಗೆರೆ, ನೆರಳಿಗೆ ಅಂಟಿಸೋ ಚುಕ್ಕಿ ಹಾಳೆ, ಅರ್ಧ ಪುಟ ಖಾಲಿ ಬಿಡೋದು. ಅಣ್ಣನ ಕಥೆಯಲ್ಲಿ ಮಳೆ ಇದೆ, ಮಳೆಗೆ ಗೆರೆಗಿಂತ ಬೇರೆ ಏನು ಬೇಕು?

ಬಣ್ಣದಂಗಡಿ_ಕುಂದಾಪುರ
ಅದೇ ಜಪಾನಿನ ‘ಅಕಿರಾ’ವನ್ನು 1988ರಿಂದ ಅಮೆರಿಕದಲ್ಲಿ ಬಣ್ಣದಲ್ಲೇ ತಂದರಲ್ಲ? ಸ್ಟೀವ್ ಓಲಿಫ್ ಕಂಪ್ಯೂಟರಿನಲ್ಲಿ ಹಾಕಿದ ಬಣ್ಣ. ಆ ಕಾಲಕ್ಕೆ ಅದೇ ದೊಡ್ಡ ಸಾಹಸ. ಅಲ್ಲಿಯ ಬಹಳ ಜನ ಅಕಿರಾ ಮೊದಲು ಓದಿದ್ದೇ ಹಾಗೆ.

ಮಾಂಗಾ_ಮರುಳ
ಈಗ ಅಂಗಡಿಯಲ್ಲಿ ಸಿಗೋದು ಕಪ್ಪು-ಬಿಳುಪಿಂದೇ ಅಲ್ವಾ 😄

ಓದುಮನೆ_ಧಾರವಾಡ
ನೀವೆಲ್ಲಾ ದೊಡ್ಡವರ ಮಾತು ಆಡಾಕತ್ತೀರಿ. ನಾನು ಓಣ್ಯಾಗ ಹುಡುಗರಿಗೆ ಒಂದು ಸಣ್ಣ ಲೈಬ್ರರಿ ನಡಸ್ತೀನಿ. ಕಣ್ಣಾರೆ ಕಂಡಿದ್ದು ಹೇಳ್ತೀನಿ. ಒಂದು ಕಪ್ಪು-ಬಿಳುಪಿನ ಚಿತ್ರಕಥಿ ಇತ್ತು ನಮ್ಮಲ್ಲಿ, ಭಾಳ ಚಲೋ ಪುಸ್ತಕ. ಆರು ತಿಂಗಳು ಕಪಾಟಿನ್ಯಾಗ ಇತ್ತು. ಅದನ್ನ ತಗೊಂಡಾಂವ ಒಬ್ಬನ, ಅಂವ ಪೆನ್ಸಿಲ್ ತಂದು ಅದಕ್ಕ ಬಣ್ಣಾ ಹಚ್ಚಿ ತಂದು ಕೊಟ್ಟಾ! ಬಣ್ಣಾ ಹಚ್ಚೋ ಪುಸ್ತಕ ಅಂತ ತಿಳಕೊಂಡಿದ್ದಾ ಪಾಪ.

ಯಾರೋ ಒಬ್ಬರು ‘ಬೋನ್’ ಸರಣಿ ದಾನ ಕೊಟ್ಟಾರ, ಇಂಗ್ಲಿಷಿಂದು, ಬಣ್ಣದ್ದು. ಇಂಗ್ಲಿಷ್ ಬರಲಾರದ ಹುಡುಗರೂ ಅದಕ್ಕ ಜಗಳಾಡ್ತಾರ. ಆಮ್ಯಾಲೆ ನನಗ ಗೊತ್ತಾತು, ಜೆಫ್ ಸ್ಮಿತ್ ಅದನ್ನ 1991ರಿಂದ 2004ರ ತನಕಾ ಬರದಿದ್ದು ಕಪ್ಪು-ಬಿಳುಪಿನ್ಯಾಗ ಅಂತ. 2005ರಿಂದ ಬಣ್ಣಾ ಹಾಕಿ ಮಕ್ಕಳ ಪುಸ್ತಕ ಅಂತ ತಂದಿದ್ದಕ್ಕ ಅದು ನಮ್ಮ ಓಣೀ ತನಕಾ ಬಂತು. ಸಾಗರದವರ, ನಿಮ್ಮ ಪುಸ್ತಕಾ ಓದೋರು ಯಾರು, ಅದನ್ನ ಮೊದಲ ಹೇಳ್ರಿ.

ಹಿನ್ನೀರು_ಸಾಗರ
ನಿಜ ಹೇಳಬೇಕಂದರೆ ಮಕ್ಕಳಿಗೆ ಅಂತ ಯೋಚಿಸಿರಲಿಲ್ಲ ಅಕ್ಕ. ಹಿನ್ನೀರಿನ ಜನ ಓದಬೇಕು ಅಂತಿತ್ತು. ಅವರಲ್ಲಿ ಅರ್ಧ ಜನ ಎಪ್ಪತ್ತು ದಾಟಿದವರು.

ಓದುಮನೆ_ಧಾರವಾಡ
ಹಂಗಾರ ಅಕ್ಷರ ದೊಡ್ಡದು ಮಾಡ್ರಿ. ಬಣ್ಣದ ಮಾತು ಆಮ್ಯಾಲೆ.

ಫಾರಂ_ಹದಿನಾರು
ನಾನು ಪ್ರೆಸ್ಸಿನವನು, ಕಲೆಯ ಬಗ್ಗೆ ಮಾತಾಡಲ್ಲ. ಲೆಕ್ಕ ಹೇಳ್ತೀನಿ.

96 ಪುಟ ಅಂದರೆ 16 ಪುಟದ ಆರು ಫಾರಂ (ಒಟ್ಟಿಗೆ ಅಚ್ಚಾಗೋ ದೊಡ್ಡ ಹಾಳೆ). ಫಾರಂಗೆ ಎರಡು ಮಗ್ಗುಲು, ಮಗ್ಗುಲಿಗೆ ಬಣ್ಣಕ್ಕೊಂದು ಅಚ್ಚಿನ ಪ್ಲೇಟು. ಒಂದೇ ಬಣ್ಣಕ್ಕೆ 12 ಪ್ಲೇಟು, ನಾಲ್ಕು ಬಣ್ಣಕ್ಕೆ 48. 1000 ಪ್ರತಿಯಲ್ಲಿ ಆ ಪ್ಲೇಟಿನ ದುಡ್ಡು ಒಂದೊಂದು ಪುಸ್ತಕದ ಮೇಲೂ ಕೂರುತ್ತೆ. 10,000 ಹಾಕಿಸಿದ್ದರೆ ಗೊತ್ತೂ ಆಗ್ತಿರಲಿಲ್ಲ.

ಆದರೆ ಕಪ್ಪು-ಬಿಳುಪು ಅಗ್ಗ ಅಂತ ಯಾರೂ ಖುಷಿ ಪಡಬೇಡಿ. 17ನೇ ಪುಟದಲ್ಲಿ ಮುಕ್ಕಾಲು ಭಾಗ ಗಟ್ಟಿ ಕಪ್ಪು. 70 ಜಿಎಸ್‌ಎಂನ ತೆಳು ಮ್ಯಾಪ್ಲಿತೊ ಕಾಗದದ ಮೇಲೆ ಹಾಕಿದರೆ ಹಿಂದಿನ ಪುಟದ ಮುಖಗಳಲ್ಲಿ ಅಡಿಕೆ ಮರ ಮೂಡುತ್ತೆ. ಕಾಗದ ದಪ್ಪ ಮಾಡಬೇಕು. ಬರೀ ಕಪ್ಪು ಮಸಿ ಒಂದೇ ಸಲ ಬಿದ್ದರೆ ಆ ಕಾಗದದಲ್ಲಿ ಇದ್ದಿಲಿನ ಬೂದು ಥರ ಕಾಣುತ್ತೆ, ನಿಮ್ಮ ಸ್ಕ್ರೀನಿನ ಕಪ್ಪು ಬರಲ್ಲ. ಜಾಸ್ತಿ ಮಸಿ ಬಿಟ್ಟರೆ ಒಣಗೋ ಮೊದಲೇ ಮೇಲಿನ ಹಾಳೆಗೆ ಅಂಟುತ್ತೆ.

ಇನ್ನೊಂದು, ಇದನ್ನ ಯಾರೂ ಹೇಳಿಕೊಡಲ್ಲ. ಗೆರೆ ಚಿತ್ರವನ್ನ ಫೋಟೋ ಸ್ಕ್ಯಾನ್ ಮಾಡೋ ಹಾಗೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಬೂದು ಫೈಲ್ ಮಾಡಿ ಕಳಿಸ್ತಾರೆ. ಅಚ್ಚಲ್ಲಿ ಗೆರೆಯ ಅಂಚೆಲ್ಲ ಚುಕ್ಕಿ ಚುಕ್ಕಿ. 1200ರಲ್ಲಿ, ಬರೀ ಕಪ್ಪು ಅಥವಾ ಬಿಳಿ, ನಡುವೆ ಏನೂ ಇಲ್ಲದ ಹಾಗೆ ಸ್ಕ್ಯಾನ್ ಮಾಡಿ.

ಹಿನ್ನೀರು_ಸಾಗರ
ಅಯ್ಯೋ, 300ರಲ್ಲೇ ಮಾಡಿಟ್ಟಿದ್ದೀನಿ.

ಫಾರಂ_ಹದಿನಾರು
ಗೊತ್ತಿತ್ತು.

ಬಣ್ಣ ಹಾಕಿಸೋದೇ ಆದರೆ ಅಕ್ಷರದ ಲೇಯರ್ ಬೇರೆ ಇಡಿ, ಬರೀ ಕಪ್ಪಲ್ಲಿ. ಹೋದ ವರ್ಷ ಒಬ್ಬರ ಪುಸ್ತಕದಲ್ಲಿ ಮಾತಿನ ಗುಳ್ಳೆಯ ಅಕ್ಷರ ಚಿತ್ರದ ಜೊತೆ ಸೇರಿ ನಾಲ್ಕೂ ಬಣ್ಣದಲ್ಲಿ ಬಿತ್ತು. ಒಂದು ಕೂದಲೆಳೆ ಪ್ಲೇಟು ಸರಿದರೂ ಇಂಗ್ಲಿಷ್ ಹೇಗೋ ಓದಬಹುದು. ಕನ್ನಡದ ಒತ್ತಕ್ಷರ ಆಗುತ್ತಾ? ‘ರಾಷ್ಟ್ರ’ದ ಕೆಳಗೆ ಎರಡು ಒತ್ತು ಇರಬೇಕಾದ ಜಾಗದಲ್ಲಿ ನೀಲಿ-ಕೆಂಪು ಅಂಚಿನ ಒಂದು ಹನಿ ಇತ್ತು, ಅಷ್ಟೇ. ಅವರು ನಮ್ಮನ್ನೇ ಬೈದರು.

ಹಳೇಪ್ರತಿ
ಒತ್ತಕ್ಷರದ ಮಾತು ಲಾಖ್ ರೂಪಾಯಿದು. ಕನ್ನಡದಲ್ಲಿ ಸಾಲಿನ ನಡುವೆ ಒತ್ತಿಗೆ ಜಾಗ ಬಿಡಲೇಬೇಕು, ಗುಳ್ಳೆ ದೊಡ್ಡದಾಗುತ್ತೆ, ಚಿತ್ರಕ್ಕೆ ಉಳಿಯೋದು ಕಮ್ಮಿ. ಅದರೊಳಗೆ ಬಣ್ಣವನ್ನೂ ತುರುಕಿದರೆ ಉಸಿರಾಡೋಕೆ ಜಾಗ ಎಲ್ಲಿ?

ಅಮರ ಚಿತ್ರಕಥೆ ಮೊದಲು ಬಂದದ್ದೇ ಕನ್ನಡದಲ್ಲಿ ಅಂತ ಎಷ್ಟು ಜನಕ್ಕೆ ಗೊತ್ತು? 1965ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ, ಸಿಂಡ್ರೆಲಾ ಥರದ ಹೊರದೇಶದ ಹತ್ತು ಕಥೆಗಳು. ಅನಂತ ಪೈ ಅವರ ‘ಕೃಷ್ಣ’ಕ್ಕೆ 11ನೇ ನಂಬರ್ ಸಿಕ್ಕಿದ್ದು ಅದರಿಂದಲೇ. ಶುರುವಿನ ಸಂಚಿಕೆಗಳಲ್ಲಿ ಪೂರ್ತಿ ಬಣ್ಣ ಇರಲಿಲ್ಲ, ಹಳದಿ-ನೀಲಿ-ಹಸಿರಲ್ಲೇ ಸುಧಾರಿಸಿದರು. ಅದೇ ಎಷ್ಟು ಚೆಂದ.

ಬಣ್ಣದಂಗಡಿ_ಕುಂದಾಪುರ
ಪೈ ನಮ್ಮ ಕಾರ್ಕಳದವರು, ಅವರ ಮೇಲೆ ಗೌರವ ಇದೆ. ಆದರೆ ಅದು ಚೆಂದಕ್ಕೆ ಮಾಡಿದ್ದಲ್ಲ, ದುಡ್ಡಿರಲಿಲ್ಲ. ದುಡ್ಡು ಬಂದ ಕೂಡಲೇ ಪೂರ್ತಿ ಬಣ್ಣಕ್ಕೆ ಹೋದರು. ಬಡತನವನ್ನ ಶೈಲಿ ಅಂತ ಕರೆಯೋದು ನಿಮ್ಮಂಥ ಸಂಗ್ರಹಕಾರರು ಮಾತ್ರ.

ಹಳೇಪ್ರತಿ
ಮೈಸೂರಿನ ಆರ್.ಕೆ. ಲಕ್ಷ್ಮಣ್ ಕಾಗೆ ಬರೆದದ್ದು ನೋಡಿದ್ದೀರಾ? ಕುಂಚದಲ್ಲಿ ನಾಲ್ಕು ಎಳೆತ. ಅದಕ್ಕೆ ಯಾವ ಬಣ್ಣ ಹಾಕ್ತೀರಿ ಹೇಳಿ ನೋಡೋಣ.

ಬಣ್ಣದಂಗಡಿ_ಕುಂದಾಪುರ
ಕಾಗೆಗೆ ಕಪ್ಪು. ಮತ್ತೇನು?

ಮಾಂಗಾ_ಮರುಳ
😂😂

ಒಂದು ಐಡಿಯಾ. ಅಜ್ಜಿಯ ಹಳೇ ದಿನ ಕಪ್ಪು-ಬಿಳುಪು, ಈಗಿನ ಕಾಲ ಬಣ್ಣ. ಹೇಗೆ?

ಓದುಮನೆ_ಧಾರವಾಡ
ಸಿನಿಮಾದ ಫ್ಲ್ಯಾಶ್‌ಬ್ಯಾಕ್ ನೋಡಿ ಕಲತಿ ಏನೋ ತಮ್ಮಾ. ಅಜ್ಜಿ ಹರೇದಾಗ ಜಗತ್ತು ಕಪ್ಪು-ಬಿಳುಪು ಇತ್ತೇನು? ಆಕೀಗೆ ಬಣ್ಣ ನೆನಪಿರೋದ ಆ ಊರಿಂದು.

ಹಿನ್ನೀರು_ಸಾಗರ
ಅಕ್ಕ ಹೇಳಿದ್ದು ಓದಿ ಅಜ್ಜಿನ ಕೇಳಿದೆ, "ಊರು ಅಂದರೆ ನಿಂಗೆ ಯಾವ ಬಣ್ಣ ನೆನಪಾಗುತ್ತೆ?" ಹಸಿರು ಅಂತಾರೆ ಅಂದುಕೊಂಡಿದ್ದೆ. "ಗೋಡೆ" ಅಂದರು.

ನಾವು ದೀವರು. ನಮ್ಮಲ್ಲಿ ಮದುವೆಗೆ ಗೋಡೆ ಮೇಲೆ ಹಸೆ ಚಿತ್ತಾರ ಬರೀತಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳಿ, ಹುರಿದು ಕಪ್ಪಾದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಬರೆಯೋದು ಪುಂಡಿ ನಾರಿನ ಕುಂಚದಲ್ಲಿ. ಅಜ್ಜಿಯ ಅಕ್ಕನ ಮದುವೆಗೆ ಬರೆದ ಚಿತ್ತಾರ ಗೋಡೆ ಮೇಲೇ ಇತ್ತಂತೆ, ಮನೆ ಬಿಡೋವಾಗ. ಹೆಂಚು, ಬಾಗಿಲು, ತೊಲೆ ಎಲ್ಲ ಬಿಚ್ಚಿಕೊಂಡು ಬಂದರು. ಗೋಡೆ ತರೋಕಾಗಲಿಲ್ಲ.

ನನ್ನ 31ನೇ ಪುಟದಲ್ಲಿ ಆ ಗೋಡೆ ಇದೆ. ಬರೀ ಗೆರೆಯಲ್ಲಿ ಬರೆದಿದ್ದೀನಿ, ಕೆಂಪು ಅನ್ನೋದು ಎಲ್ಲೂ ಗೊತ್ತಾಗಲ್ಲ.

ಬಣ್ಣದಂಗಡಿ_ಕುಂದಾಪುರ
ಹಾಗಾದರೆ ನಿಮಗೆ ಬೇಕಿರೋದು ಬಣ್ಣಗಳಲ್ಲ, ಒಂದು ಬಣ್ಣ. ನಮ್ಮ ಕರಾವಳಿಯ ದೇವಸ್ಥಾನಗಳ ಕಾವಿ ಕಲೆ ನೋಡಿ: ಬಿಳಿ ಗಾರೆ, ಅದರ ಮೇಲೆ ಕೆಮ್ಮಣ್ಣಿನ ಲೇಪ, ಹಸಿ ಇರುವಾಗಲೇ ಕೆರೆದು ಬಿಳಿ ಹೊರಗೆ ತೆಗೆಯೋದು. ಎರಡೇ ಬಣ್ಣ, ಯಾರೂ ಕೊರತೆ ಅಂದಿಲ್ಲ. ಕಪ್ಪಿನ ಜೊತೆ ಒಂದು ಕೆಂಪು ಹಾಕಿ, ನಿಮ್ಮ ಮಸಿ ಪುಟಗಳೂ ಉಳಿಯುತ್ತವೆ.

ಫಾರಂ_ಹದಿನಾರು
24 ಪ್ಲೇಟು. ಕೆಂಪು ಎಲ್ಲ ಫಾರಂನಲ್ಲೂ ಇರಬೇಕು ಅಂತಿಲ್ಲ, ಎರಡೇ ಫಾರಂನಲ್ಲಿ ಬರೋ ಹಾಗೆ ಜೋಡಿಸಿಕೊಂಡರೆ 16ಕ್ಕೆ ಮುಗಿಯುತ್ತೆ. ಆ ಕೆಂಪು ನಾಲ್ಕು ಬಣ್ಣ ಬೆರೆಸಿ ಬೇಡ, ಮಸಿಯನ್ನೇ ಆ ಬಣ್ಣಕ್ಕೆ ಕಲೆಸಿ ಹಾಕ್ತೀವಿ. ಗೆರೆ ಕೆಂಪಿನ ಮೇಲೆ ಬೀಳಲಿ, ಕೆಂಪಿನ ನಡುವೆ ಗೆರೆಗೆ ಅಂತ ಬಿಳಿ ಬಿಟ್ಟು ಕಳಿಸಬೇಡಿ. ಬಿಟ್ಟರೆ ಅಂಚಲ್ಲಿ ಬಿಳಿ ಇಣುಕುತ್ತೆ.

ಹಳೇಪ್ರತಿ
ಒಂದು ಬಣ್ಣ ಅಂದರೆ ಒಪ್ಪಬಹುದು. ಎಲ್ಲಾ ಕಡೆ ಬಳಿಯಬೇಡಿ ಮಾತ್ರ. ಹತ್ತು ಪುಟ ಹಿಡಿದಿಟ್ಟು ಹನ್ನೊಂದಕ್ಕೆ ಬಿಡಿ.

ಮಾಂಗಾ_ಮರುಳ
ಮೊಬೈಲಿಗೆ ಹಾಕೋದಾದರೆ ಪ್ಲೇಟೂ ಇಲ್ಲ ಫಾರಮ್ಮೂ ಇಲ್ಲ, ಬಣ್ಣ ಫ್ರೀ. ಯಾರೂ ಹೇಳಲೇ ಇಲ್ಲ.

ಬಣ್ಣದಂಗಡಿ_ಕುಂದಾಪುರ
ಫ್ರೀ ಅಂತೆ. ದಿನಕ್ಕೊಂದು ಪುಟ ಹಾಕಿದರೂ 96 ದಿನ. ನನ್ನ ಬೆನ್ನನ್ನ ಕೇಳು.

ಹಿನ್ನೀರು_ಸಾಗರ
ವಾರದ ನಂತರ ಬರ್ತಾ ಇದ್ದೀನಿ, ಕ್ಷಮಿಸಿ. 17 ಮತ್ತು 31ಕ್ಕೆ ಕೆಂಪು ಹಾಕಿ ಇಲ್ಲೇ ಪ್ರಿಂಟ್ ತೆಗೆಸಿದೆ. 17ರಲ್ಲಿ ಕೆಟ್ಟುಹೋಯ್ತು. ನೀರಿನಲ್ಲಿ ಗೋಡೆಯ ಪ್ರತಿಬಿಂಬ ಅಂತ ಸ್ವಲ್ಪ ಕೆಂಪು ಕೊಟ್ಟಿದ್ದೆ, ನೋಡಿದವರೆಲ್ಲ "ಯಾರನ್ನ ಕೊಂದರು?" ಅಂದರು. ತೆಗೆದುಬಿಟ್ಟೆ, ಆ ಪುಟ ಕಪ್ಪೇ ಇರಲಿ. 31 ಮಾತ್ರ ಎದ್ದು ಬಂದಿದೆ. ಒಳಗಿನ ಸಣ್ಣ ಗೆರೆಗಳನ್ನೆಲ್ಲ ಅಳಿಸಿ ಮತ್ತೆ ಬರೆದೆ. ಕೆಂಪು ಬಂದಮೇಲೆ ಅವು ಬೇಕಾಗಲೇ ಇಲ್ಲ.

1200ರಲ್ಲಿ ಮತ್ತೆ ಸ್ಕ್ಯಾನ್ ಶುರು ಮಾಡಿದ್ದೀನಿ. ಅಕ್ಷರ ದೊಡ್ಡದು ಮಾಡಿದೆ ಅಕ್ಕ, ಎಂಟು ಕಡೆ ಗುಳ್ಳೆ ಮುಖದ ಮೇಲೆ ಬಂತು, ಸರಿಮಾಡ್ತಾ ಇದ್ದೀನಿ.

31ನ್ನ ಅಜ್ಜಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. ಆಮೇಲೆ "ಇಷ್ಟು ಕೆಂಪು ಎಲ್ಲಿತ್ತು? ಒಲೆ ಹೊಗೆ ಹಿಡಿದು ಕರ್ರಗಾಗಿತ್ತು" ಅಂದರು.

ಫಾರಂ_ಹದಿನಾರು
ಬಣ್ಣದ ಕಾರ್ಡು ಕಳಿಸ್ತೀನಿ, ಅಜ್ಜಿ ಕೈಲೇ ಗುರುತು ಹಾಕಿಸಿ. ಮಸಿ ಕಲೆಸೋ ಹುಡುಗ ಭಾನುವಾರ ರಜ.