ಸಹಾಯ ಬೇಕು: ಖಾನಾವಳಿ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಾರಂತೆ

ಎಲ್ಲರಿಗೂ ನಮಸ್ಕಾರ್ರೀ. ನಮ್ಮ ಮನೆ ವಿಜಯಪುರದ ಬಾರಾ ಕಮಾನ್ ಸ್ಮಾರಕದ ಹತ್ತಿರದ ಓಣಿಯಲ್ಲಿ. ಮೂಲೆಯ ಹಳೇ ಖಾನಾವಳಿ ಮಾರಾಟವಾಗಿದೆ. ಅಲ್ಲಿ ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟ್ ಬರುತ್ತದಂತೆ.

ಓಣಿ ಈಗ ಎರಡು ಹೋಳಾಗಿದೆ. ಬಾಡಿಗೆ ಮನೆ ಸಿಗದೆ ಒದ್ದಾಡುವವರು "ಕಟ್ಟಲಿ ಬಿಡ್ರಿ" ಅಂತಾರೆ. ಅವರದ್ದೂ ತಪ್ಪಲ್ಲ. ಆದರೆ ಹಮಾಲರು, ಒಬ್ಬರೇ ಇರುವ ಮುದುಕರು ಎರಡು ಹೊತ್ತು ಉಣ್ಣುವುದು ಅಲ್ಲೇ. ಒಲೆ ಮುಂದೆ ಕೂತ ಅಕ್ಕ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಮಧ್ಯಾಹ್ನ ಆಯಿತು ಅಂತಲೇ ಲೆಕ್ಕ. ನಮ್ಮಪ್ಪ ತೀರಿಕೊಂಡಾಗ ಮೂರು ದಿನ ಮನೆಗೆ ಬುತ್ತಿ ಬಂದದ್ದು ಅಲ್ಲಿಂದ. ಒಂದು ಪೈಸೆ ತಗೊಳ್ಳಲಿಲ್ಲ.

ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯಲ್ಲೇ ಇದೆ. ನಾವು ಟೇಪ್ ಹಿಡಿದು ಅಳೆದಾಗ ಸ್ಮಾರಕದ ಕಾಂಪೌಂಡಿನಿಂದ 140 ಮೀಟರ್ ಬಂತು. ಅಂದರೆ ಅನುಮತಿ ಬೇಕೇ ಬೇಕು, ಅಲ್ವಾ? ಕೇಳಿದರೆ ಯಾರೂ ಕಾಗದ ತೋರಿಸುತ್ತಿಲ್ಲ.

ಇಂಥ ತಕರಾರು ಅರ್ಜಿ ಬರೆದವರು, ವಕೀಲರು ಯಾರಾದರೂ ಇದ್ದೀರಾ? ಮಾಹಿತಿ ಹಕ್ಕಿನ ಅರ್ಜಿ ಮೊದಲು ಪಾಲಿಕೆಗೋ, ಪುರಾತತ್ವ ಇಲಾಖೆಗೋ? ಅದರ ಉತ್ತರಕ್ಕೇ 30 ದಿನ ಹೋಗುತ್ತದೆ. ಶ್ರಾವಣ ಮುಗಿದ ಕೂಡಲೇ ಕೆಡವುತ್ತಾರಂತೆ. ಕೆಳಗಿನ ಅಂತಸ್ತಿನಲ್ಲಿ ಖಾನಾವಳಿಗೆ ಜಾಗ ಬಿಡಿಸಿಕೊಳ್ಳುವ ದಾರಿ ಇದ್ದರೂ ದಯವಿಟ್ಟು ಹೇಳ್ರಿ.